ಹದವೇ ಮುಹೂರ್ತ



ಸತ್ಕಾರ್ಯವನ್ನು ಸಂಕಲ್ಪಿಸುವವರು ಬಹಳ, ಆರಂಭಿಸುವವರು ವಿರಳ. ಸೋಮಾರಿಯು ಆರಂಭಿಸುವುದಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಶ್ರದ್ಧಾವಂತನೂ ವಿದ್ವಾಂಸನೂ ಆರಂಭಿಸದೆ ಉಳಿಯುವುದುಂಟು. "ಇನ್ನೊಂದು ಗ್ರಂಥ ನೋಡಬೇಕು, ಇನ್ನಷ್ಟು ಹಣ ಕೂಡಬೇಕು, ಎಲ್ಲಿಯೂ ಒಂದು ಕುಂದು ಇರಬಾರದು" ಎನ್ನುತ್ತ ಅವನ ಆಯುಷ್ಯವೆಲ್ಲ ಸಿದ್ಧತೆಯಲ್ಲಿಯೇ ಸವೆಯುತ್ತದೆ. ಭರ್ತೃಹರಿಯು ನೀತಿಶತಕದಲ್ಲಿ ಜನರನ್ನು ಮೂರು ತರವಾಗಿ ವಿಂಗಡಿಸಿ, ವಿಘ್ನಕ್ಕೆ ಅಂಜಿ ಕಾರ್ಯಕ್ಕೆ ತೊಡಗದವರನ್ನು ಕೊನೆಯ ಸಾಲಿನಲ್ಲಿ ಕೂಡಿಸಿದ್ದಾನೆ. ದೋಷಕ್ಕೆ ಅಂಜಿ ತೊಡಗದವರೂ ಅದೇ ಸಾಲಿನವರು. ಇವರ ಅಂಜಿಕೆಯು ವಿವೇಕದ ವೇಷ ತೊಟ್ಟಿರುವುದರಿಂದ ಗುರುತು ಹತ್ತುವುದಿಲ್ಲ, ಅಷ್ಟೇ.

ತಿಕೋಟ, ಬಬಲೇಶ್ವರ ಕಡೆಯ ಒಕ್ಕಲುಮಕ್ಕಳಿಗೆ ಇದನ್ನು ಕಲಿಸಬೇಕಾಗಿಲ್ಲ. ಮಳೆಗಾಲವೆಲ್ಲ ಎರೆಹೊಲವನ್ನು ಹರಗಿ, ಕಸ ತೆಗೆದು, ಹಿಂಗಾರಿ ಬಿಳಿಜೋಳಕ್ಕೆ ಅಣಿ ಮಾಡುತ್ತಾರೆ. ಹರಗದೆ ಬಿತ್ತುವವನು ಅವಿವೇಕಿ. ಆದರೆ ಹದ ಬಂದ ದಿನವೂ ಕೂರಿಗೆ ಹೂಡದೆ "ಇನ್ನೊಮ್ಮೆ ಹರಗಿ ನೋಡೋಣ" ಎಂದವನ ಗತಿಯೇನು? ಮಣ್ಣಿನ ಹಸಿ ಆರಿಹೋಗುತ್ತದೆ. ಹೊಲ ಅಚ್ಚುಕಟ್ಟು, ಹಗೇವು ಬರಿದು!

ಹೀಗೆ ಹದವರಿತು ಬಿತ್ತಿದ ಮಹನೀಯರೊಬ್ಬರು ನಮ್ಮ ವಿಜಯಪುರದಲ್ಲಿಯೇ ಬಾಳಿದರು. ಅವರೇ ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿ, ಕಾನೂನು ಓದಿ, ಆಗಿನ ಬಿಜಾಪುರದಲ್ಲಿ ವಕೀಲಿ ನಡೆಸಿದರು. ಆ ಕಾಲದಲ್ಲಿ ಶರಣರ ವಚನಗಳು ಮಠಮನೆಗಳ ಜಗಲಿಯ ಮೇಲೆ ತಾಡವೋಲೆಯ ಕಟ್ಟುಗಳಾಗಿ ಕುಳಿತಿದ್ದವು. ಪೂಜಿಸುವವರಿದ್ದರು, ಓದುವವರು ಕಡಿಮೆ. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಹಾಕಿದರು.

ಆ ಓಲೆಗಳ ಸ್ಥಿತಿಯನ್ನು ಸ್ವಲ್ಪ ವಿಚಾರಿಸಿರಿ. ಪದಪದಕ್ಕೆ ಬಿಡುವಿಲ್ಲದ ಬರಹ, ಮುರಿದ ಗರಿಗಳು, ಒಂದು ಕಟ್ಟಿನಲ್ಲಿ ಒಂದು ಪಾಠ, ಮತ್ತೊಂದರಲ್ಲಿ ಬೇರೆ ಪಾಠ. ಎಲ್ಲ ಪ್ರತಿಗಳೂ ದೊರೆಯಲಿ, ಎಲ್ಲ ಸಂಶಯಗಳೂ ಪರಿಹಾರವಾಗಲಿ, ಆಮೇಲೆ ಅಚ್ಚು ಹಾಕಿಸೋಣ ಎನ್ನಲು ಅವರಿಗೆ ಪೂರ್ಣ ಅಧಿಕಾರವಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಗೆದ್ದಲು ಕಾಯುತ್ತದೆಯೇ?

ಅವರು ದೊರೆತಷ್ಟನ್ನು ಹೊಂದಿಸಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದರು. ಅದು ಅಚ್ಚಾಗದೆ ಮರಳಿತು. ಎದೆಗುಂದದೆ ಬೆಳಗಾವಿಯಲ್ಲಿ ಅಚ್ಚು ಹಾಕಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಲೋಕದ ಕೈಗಿತ್ತರು. 1925ರಲ್ಲಿ ಮನೆ ಮಾರಿ ಈ ಊರಿನಲ್ಲಿಯೇ 'ಹಿತಚಿಂತಕ' ಮುದ್ರಣಾಲಯ ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ತೆಗೆದರು. ಇದರಲ್ಲೊಂದು ಮರ್ಮವಿದೆ. ಗ್ರಂಥವು ಸಂಪೂರ್ಣವಾಗುವ ತನಕ ಕಾಯಬೇಕು, ಪತ್ರಿಕೆಯು ಕಾಯಗೊಡುವುದಿಲ್ಲ. ಈ ಸಂಚಿಕೆಗೆ ಸಿಕ್ಕಿದ್ದು ಈ ಸಂಚಿಕೆಗೆ, ಮುಂದೆ ಸಿಕ್ಕಿದ್ದು ಮುಂದಿನದಕ್ಕೆ. ಹೀಗೆ ಮೂರು ದಶಕಗಳಿಗೂ ಮಿಕ್ಕಿ ಆ ಕಾಯಕ ನಡೆಯಿತು.

ದೋಷಗಳು ಉಳಿಯಲಿಲ್ಲವೇ ಎಂದು ಕೇಳಬಹುದು. ಉಳಿದವು. ಪಾಠಾಂತರಗಳ ಸಮಗ್ರ ಪರಿಶೋಧನೆ ಆ ಮೊದಲ ಮುದ್ರಣಗಳಲ್ಲಿಲ್ಲ. ಅದನ್ನು ಮುಂದಿನ ವಿದ್ವಾಂಸರು ಮಾಡಿದರು. ಇದೇ ಜಿಲ್ಲೆಯಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರದ ಸಮಗ್ರ ವಚನ ಸಂಪುಟಗಳು, ಒಟ್ಟು 15, ಹೊರಬಂದದ್ದು 1993ರಲ್ಲಿ. ಮೊದಲ ಭಾಗ ಬಂದು 70 ವರ್ಷಗಳ ಮೇಲೆ. ಹಳಕಟ್ಟಿಯವರು 1964ರಲ್ಲಿಯೇ ಲಿಂಗೈಕ್ಯರಾಗಿದ್ದರು. ಪೂರ್ಣತೆಯನ್ನು ಕಾದಿದ್ದರೆ ಅವರ ಜೀವಮಾನವು ಸಾಲುತ್ತಿರಲಿಲ್ಲ. ತಿದ್ದುವವರಿಗೆ ತಿದ್ದಲು ಒಂದು ಪ್ರತಿಯಾದರೂ ಬೇಕಲ್ಲವೇ? ಅದನ್ನು ಅವರು ಕೊಟ್ಟರು.

ಹಾಗಾದರೆ ಆರಂಭವೊಂದೇ ಸಾಕೇ? ಇದೇ ಊರಿನ ಬಾರಾಕಮಾನಿಗೆ ಹೋಗಿ ನಿಂತು ನೋಡಿರಿ. 1656ರಿಂದ 1672ರ ವರೆಗೆ ಆಳಿದ ಎರಡನೆಯ ಅಲಿ ಆದಿಲ್‌ಶಾಹನು ತನ್ನ ಗೋರಿಗೆಂದು ಕಟ್ಟಿಸತೊಡಗಿದ ಮಹಾಮಂದಿರವದು. ಕರಿಕಲ್ಲಿನ ಕಮಾನುಗಳು ನಿಂತಿವೆ; ಮೇಲೆ ಗುಮ್ಮಟವಿಲ್ಲ. ಅರಸನೂ ಆರಂಭಿಸಿದ್ದನು. ಆದರೆ ಗುಮ್ಮಟ ಮುಗಿಯುವ ತನಕ ಕಮಾನು ಯಾರಿಗೂ ನೆರಳಾಗಲಾರದು. ಹಳಕಟ್ಟಿಯವರ ಕಾರ್ಯವೂ ಅವರ ಕಾಲಕ್ಕೆ ಮುಗಿಯಲಿಲ್ಲ. ಆದರೂ ಅವರು ಅಚ್ಚು ಹಾಕಿದ ಒಂದೊಂದು ಪುಟವೂ ಆ ದಿನವೇ ಒಬ್ಬರ ಕೈ ಸೇರಿ ಪ್ರಯೋಜನಕ್ಕೆ ಬಂದಿತು. ಆದಕಾರಣ ಆರಂಭ ಚಿಕ್ಕದಿರಲಿ. ಆ ಚಿಕ್ಕದು ತನ್ನಷ್ಟಕ್ಕೆ ಉಪಯುಕ್ತವಾಗಿರಲಿ.

ಶಾಲೆ ತೆರೆಯಬೇಕೆನ್ನುವವರು ಕಟ್ಟಡಕ್ಕೆ ಕಾಯಬೇಡಿರಿ, ನಾಲ್ಕು ಮಕ್ಕಳನ್ನು ಪಡಸಾಲೆಯಲ್ಲಿ ಕೂಡಿಸಿರಿ. ಶಾಸ್ತ್ರ ಓದಬೇಕೆನ್ನುವವರು ಪಂಡಿತರಾಗುವ ತನಕ ಕಾಯಬೇಡಿರಿ, ಈ ರಾತ್ರಿ ಒಂದು ಪುಟ ತೆರೆಯಿರಿ. ನಮ್ಮಿಂದಾದಷ್ಟನ್ನು ಶುದ್ಧಮನದಿಂದ ಮಾಡಿ ಸಮಾಜಕ್ಕೆ ಅರ್ಪಿಸುವುದೇ ಕಾಯಕ. ಕುಂದು ಉಳಿದರೆ ತಿದ್ದುವ ಕೈಗಳು ಮುಂದೆ ಬರುತ್ತವೆ. ಬಿತ್ತದ ಹೊಲಕ್ಕೆ ಮಾತ್ರ ಯಾರ ಕೈಯೂ ಫಲ ತರಲಾರದು.