ಪೋಟಗಿ ಮತ್ತು ಪಾಲು

ಮುಂಡರಗಿಯ ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ 1931ರ ಒಂದು ವಾಟ್ನಿ ಪತ್ರವಿದೆ. ಮುತ್ತಜ್ಜ ತೀರಿಕೊಂಡ ಮೇಲೆ ಅವನ ಮೂವರು ಗಂಡುಮಕ್ಕಳು 24 ಎಕರೆ ಎರೆಹೊಲವನ್ನು ತಲಾ 8 ಎಕರೆಯಂತೆ ಹಂಚಿಕೊಂಡರು. ಪತ್ರದ ಕೊನೆಯ ಎರಡು ಸಾಲು ಅವರ ತಾಯಿಯದು: ವರ್ಷಕ್ಕೆ 6 ಚೀಲ ಜೋಳ, 2 ಸೀರೆ, ಇರಲಿಕ್ಕೆ ಹಿತ್ತಲ ಕಡೆಯ ಕೋಣೆ. ಅದಕ್ಕೆ ಪತ್ರ ಕೊಡುವ ಹೆಸರು ‘ಪೋಟಗಿ’.

ಇದು ಮರಾಠಿಯಿಂದ ಬಂದ ಮಾತು. ‘ಪೋಟ’ ಎಂದರೆ ಹೊಟ್ಟೆ. ಆಗ ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಗದಗ, ಮುಂಡರಗಿ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿ. ಬಹಳ ದಿನ ಆ ಎರಡು ಸಾಲನ್ನು ಮಕ್ಕಳ ಕಾಳಜಿಯ ಗುರುತೆಂದೇ ಓದಿದ್ದೆ. ಪಿಎಚ್.ಡಿ.ಗಾಗಿ ಕಾನೂನಿನ ಇತಿಹಾಸಕ್ಕೆ ಕೈಹಾಕಿದಾಗ ಅನುಮಾನ ಶುರುವಾಯಿತು.

ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಕಲ್ಯಾಣದಲ್ಲಿ, ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ನಮ್ಮ ಸೀಮೆಯೂ ಅದೇ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಮುಪ್ಪಿನ ತಂದೆ ತಾಯಿಯನ್ನು ಸಾಕುವುದು ತಪ್ಪಿಸಲಾಗದ ಕರ್ತವ್ಯ ಎಂಬುದು ಅದರ ಒಂದು ಮಾತು. ತಂದೆ ಸತ್ತ ಮೇಲೆ ಮಕ್ಕಳು ಪಾಲಾದರೆ ತಾಯಿಗೂ ಒಬ್ಬ ಮಗನಷ್ಟೇ ಪಾಲು ಎಂಬುದು ಇನ್ನೊಂದು. ಮೊದಲನೆಯದು ಹೊಟ್ಟೆಯ ಮಾತು, ಎರಡನೆಯದು ಹೊಲದ ಮಾತು.

ಬ್ರಿಟಿಷ್ ನ್ಯಾಯಾಲಯಗಳು ಮಿತಾಕ್ಷರವನ್ನೇ ಕಾನೂನಾಗಿ ಹಿಡಿದರೂ ಎಲ್ಲ ಕಡೆ ಒಂದೇ ಬಗೆಯಾಗಿ ಹಿಡಿಯಲಿಲ್ಲ. ಮದ್ರಾಸ್ ಇಲಾಖೆಯಲ್ಲಿ ತಾಯಿಗೆ ಪಾಲು ಕೊಡುವ ರೂಢಿ ಬಿದ್ದುಹೋಗಿ ಬರೀ ಜೀವನಾಂಶ ಉಳಿಯಿತು. ಮುಂಬಯಿ ಇಲಾಖೆಯಲ್ಲಿ ಪಾಲು ಉಳಿಯಿತು. ತಾನಾಗಿ ವಾಟ್ನಿ ಕೇಳುವ ಹಕ್ಕು ತಾಯಿಗಿರಲಿಲ್ಲ. ಮಕ್ಕಳು ಪಾಲಾದರೆ ಮಾತ್ರ ಆಕೆಯದೂ ಬರಬೇಕು. ನಮ್ಮಲ್ಲಿ ಈ ಎರಡು ನ್ಯಾಯಗಳ ನಡುವೆ ಇದ್ದದ್ದು ತುಂಗಭದ್ರೆ. ಆಚೆ ದಂಡೆಯ ಹೂವಿನಹಡಗಲಿ ಮದ್ರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆ, ಈಚೆ ದಂಡೆಯ ಮುಂಡರಗಿ ಮುಂಬಯಿಗೆ.

ಅಂದಮೇಲೆ 1931ರಲ್ಲಿ ಮುತ್ತಜ್ಜಿಗೆ ಬರಬೇಕಾದದ್ದು ನಾಲ್ಕರಲ್ಲೊಂದು ಪಾಲು, 6 ಎಕರೆ. ಬಂದದ್ದು 6 ಚೀಲ ಜೋಳ. ಕಾನೂನು ಈಚೆ ದಂಡೆಯದು, ಪತ್ರ ಮಾತ್ರ ಆಚೆ ದಂಡೆಯದು. ಕೊನೆಗಾಲದಲ್ಲಿ ಆಕೆ ಮೂರು ಮನೆಗಳಲ್ಲಿ ತಿಂಗಳಿಗೊಂದರಂತೆ ಪಾಳಿಯ ಮೇಲೆ ಉಂಡಳು ಎಂದು ಅಜ್ಜಿ ಹೇಳುತ್ತಿದ್ದಳು.

ಅಜ್ಜನ 8 ಎಕರೆಯಲ್ಲಿ ಈಗ ಉಳಿದಿರುವುದು 6. ಅವನ ಒಬ್ಬನೇ ಮಗನಾದ ಅಪ್ಪ 2021ರಲ್ಲಿ ಹೋದ. ಹೋದ ವರ್ಷ ಅವ್ವನಿಗೆ ಲಕ್ವಾ ಹೊಡೆದು ಎಡಗೈ ಸರಿಯಾಗಿ ಏಳುವುದಿಲ್ಲ. ದವಾಖಾನೆಯ ಬಿಲ್ಲು ಕಟ್ಟುತ್ತಿರುವವನು ಹುಬ್ಬಳ್ಳಿಯ ಅಣ್ಣನೇ. ದೀಪಾವಳಿಗೆ ಬಂದಾಗ ಹೇಳಿದ: “ಎಲ್ಲಾ ನನ್ನ ಹೆಸರಿಗೆ ದಾನಪತ್ರ ಮಾಡಿಬಿಡವ್ವ. ಬ್ಯಾಂಕಿನ ಸಾಲ ಸಿಗ್ತದ. ನಿನ್ನ ನಾ ನೋಡ್ಕೋತೀನಿ.” ಅವನ ಮಾತಿನಲ್ಲಿ ಕಪಟವಿರಲಿಲ್ಲ. 1931ರ ಮೂವರಲ್ಲೂ ಇದ್ದಿರಲಿಕ್ಕಿಲ್ಲ.

ಹೆತ್ತವರ ಬಗ್ಗೆ ನಮ್ಮ ಕಾಯಿದೆ ತಡವಾಗಿ ಬಾಯಿಬಿಟ್ಟಿತು. 1898ರ ದಂಡ ಪ್ರಕ್ರಿಯಾ ಸಂಹಿತೆಯ ಜೀವನಾಂಶದ ಕಲಮಿನಲ್ಲಿ ಹೆಂಡತಿ ಮಕ್ಕಳಿದ್ದರು, ತಂದೆ ತಾಯಿ ಇರಲಿಲ್ಲ; ಅವರು ಸೇರಿದ್ದು 1973ರ ಸಂಹಿತೆಯಲ್ಲಿ. ಅದಕ್ಕೂ ಮೊದಲು, 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಈ ಹೊಣೆಯನ್ನು ಮಗನ ಜೊತೆಗೆ ಮಗಳ ಮೇಲೂ ಹೊರಿಸಿತ್ತು. 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನ ಪ್ರಕಾರ, ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡವರು ಕೈಬಿಟ್ಟರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಆದರೆ ಅಂಥ ಷರತ್ತು ಇತ್ತೆಂದು ತೋರಿಸಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಯಿದೆಯನ್ನು ಹಿರಿಯರ ಹಿತಕ್ಕೆ ಉದಾರವಾಗಿ ಓದಬೇಕೆಂದು 2025ರ ಜನವರಿಯಲ್ಲಿ ಅದೇ ಕೋರ್ಟು ಹೇಳಿದೆ. ಹಾಗಿದ್ದರೂ ಬಾಯಿಮಾತನ್ನು ನಂಬಿ ಕೂಡುವಂತಿಲ್ಲ.

ಹೀಗೆಲ್ಲ ಹೇಳಿದರೆ ಅವ್ವನಿಗೆ ಸಿಟ್ಟು ಬಂತು. “ಹೆತ್ತ ಮಗನ ಕಡೆ ಕಾಗದ ಬರಸ್ಕೋಬೇಕಾ? ಮಂದಿ ಏನಂದಾರು?”

ಟ್ರಂಕಿನ ಪತ್ರ ತಂದು ಕೊನೆಯ ಎರಡು ಸಾಲನ್ನಷ್ಟೇ ಓದಿದೆ. ಆಮೇಲೆ ನಮ್ಮ ಲೆಕ್ಕ ಹಾಕಿದೆ. ಪಿತ್ರಾರ್ಜಿತ ಹೊಲ, ಅಪ್ಪ, ಅವ್ವ, ಅಣ್ಣ, ನಾನು ಎಂದು ನಾಲ್ಕು ಪಾಲು. ಅಪ್ಪನ ಪಾಲು ಮತ್ತೆ ನಮ್ಮ ಮೂವರಿಗೆ ಸಮ. ಕೊನೆಗೆ ತಲಾ 2 ಎಕರೆ. ಅವ್ವ ತನ್ನ 2 ಎಕರೆಯನ್ನು ತನ್ನ ಹೆಸರಲ್ಲೇ ಇಟ್ಟುಕೊಂಡು ಮೃತ್ಯುಪತ್ರ ಬರೆಯಬಹುದು. ದಾನಪತ್ರದಂತೆ ಅದು ಬರೆದ ದಿನವೇ ಕೈ ಬಿಟ್ಟು ಹೋಗುವುದಿಲ್ಲ, ಬದುಕಿರುವವರೆಗೂ ಬದಲಿಸಬಹುದು.

ಅಣ್ಣ ಬಹಳ ಹೊತ್ತು ಸುಮ್ಮನಿದ್ದ. “ಆತು, ಅವ್ವನ ಪಾಲು ಅವ್ವನ ಹೆಸರಿಗೇ ಇರ್ಲಿ” ಎಂದ. ನನ್ನ ಕಡೆ ತಿರುಗಿ, “ಪಾಲಿನ ಲೆಕ್ಕ ಹೇಳಿದಾಕಿ ಪಾಳಿನೂ ತಗೋ” ಎಂದ.

ಅದು ನ್ಯಾಯವೇ ಆಗಿತ್ತು. 1956ರ ಕಾಯಿದೆ ಓದಿ ಹೇಳಿದವಳು ನಾನೇ. ವಾಟ್ನಿಯ ಕಾಗದ ಈಗ ನೋಂದಣಿಗೆ ಕಾಯುತ್ತಿದೆ. ಅವ್ವನ ಕೈಗೆ ಕಸರತ್ತು ಮಾಡಿಸಲು ಬರುವವರ ತಿಂಗಳ ಹಣ ನನ್ನ ಫೆಲೋಶಿಪ್ಪಿನಿಂದ ಹೋಗುತ್ತದೆ.