ತಡವಾಗಿ ಬಂದವರ ಮೇಲೆ ಯಾಕಿಷ್ಟು ಪ್ರೀತಿ? ಸೆವೆನ್ ಆಫ್ ನೈನ್, ಸಿದ್ದಪ್ಪಾಜಿ, ಬೆಟ್ಟದ ಚಾಮುಂಡಿ



ಇವತ್ತಿನ ಪ್ರಶ್ನೆ ಕೇಳೋಕೆ ಸಣ್ಣದು. ಒಂದು ಸೀರಿಯಲ್ ಅರ್ಧ ದಾರಿ ಬಂದಿರುತ್ತೆ. ಯಾರು ನಮ್ಮೋರು, ಯಾರು ಪರರು ಅಂತ ನಾವು ತೀರ್ಮಾನ ಮಾಡಿ ಆಗಿರುತ್ತೆ. ಆಗ ಹೊಸಬಳೊಬ್ಬಳು ಬರ್ತಾಳೆ. ಮೊದಲ ವಾರ "ಇವಳ್ಯಾಕೆ ಬಂದ್ಲು" ಅಂತೀವಿ. ಆರು ತಿಂಗಳು ಕಳೆದ ಮೇಲೆ ಅವಳಿಲ್ಲದ ಎಪಿಸೋಡ್ ನೋಡೋಕೇ ಬೇಜಾರು. ಯಾಕೆ ಹೀಗಾಗುತ್ತೆ?

ಟಿವಿಯ ವಿಜ್ಞಾನ ಕಥೆಗಳಲ್ಲಿ ಇದಕ್ಕೆ ಎಲ್ಲರೂ ಕೊಡೋ ಉದಾಹರಣೆ 'ಸ್ಟಾರ್ ಟ್ರೆಕ್: ವಾಯೇಜರ್'. 1995ರ ಜನವರಿಯಲ್ಲಿ ಶುರುವಾದ ಅಮೆರಿಕದ ಸೀರಿಯಲ್. ಒಂದು ಬಾಹ್ಯಾಕಾಶ ನೌಕೆ ಭೂಮಿಯಿಂದ 70,000 ಜ್ಯೋತಿರ್ವರ್ಷ ದೂರ ಹೋಗಿ ಸಿಕ್ಕಿಹಾಕಿಕೊಂಡಿದೆ, ಮನೆ ಸೇರಬೇಕು. ಮೂರು ಸೀಸನ್ ಮುಗಿದ ಮೇಲೆ, 1997ರ ಸೆಪ್ಟೆಂಬರ್‌ನಲ್ಲಿ, ಸೆವೆನ್ ಆಫ್ ನೈನ್ ಅನ್ನೋ ಪಾತ್ರ ಬಂತು. ನಟಿ ಜೆರಿ ರಯಾನ್. ಅದೇ ಹೊತ್ತಿಗೆ ಮೊದಲಿನಿಂದ ಇದ್ದ ಕೆಸ್ ಅನ್ನೋ ಪಾತ್ರವನ್ನ ಹೊರಗೆ ಕಳಿಸಿದ್ರು. ಹೊಸಬಳಿಗೆ ಮೈಗಂಟಿದ ಬಟ್ಟೆ ತೊಡಿಸಿದ್ರು. ರೇಟಿಂಗ್‌ಗೋಸ್ಕರ ಕರೆತಂದಿದ್ದಾರೆ ಅಂತ ಹಳೇ ಅಭಿಮಾನಿಗಳು ಮೂಗು ಮುರಿದ್ರು. ಆದ್ರೆ 2001ರಲ್ಲಿ ಸೀರಿಯಲ್ ಮುಗಿಯೋ ಹೊತ್ತಿಗೆ ಅದರ ಹೃದಯ ಅವಳೇ ಆಗಿದ್ಲು. 2020ರಲ್ಲಿ 'ಸ್ಟಾರ್ ಟ್ರೆಕ್: ಪಿಕಾರ್ಡ್' ಬಂದಾಗ ವಾಪಸ್ ಕರೆದ್ರು, 2023ರಲ್ಲಿ ಕ್ಯಾಪ್ಟನ್ ಕುರ್ಚಿಯಲ್ಲೇ ಕೂರಿಸಿದ್ರು.

ನಾನು ಓದಿದ್ದು ಕಾಮರ್ಸ್. ಹಾಗಾಗಿ ಇಂಥದ್ದೆಲ್ಲ ನನಗೆ ಅಕೌಂಟೆನ್ಸಿ ಪುಸ್ತಕದ ಒಂದೇ ಅಧ್ಯಾಯವನ್ನ ನೆನಪಿಸುತ್ತೆ: ಹೊಸ ಪಾಲುದಾರನ ಸೇರ್ಪಡೆ. ನಡೀತಿರೋ ಅಂಗಡಿಗೆ ಹೊಸ ಪಾಲುದಾರ ಬಂದ್ರೆ ಮೂರು ಕೆಲಸ ಆಗಬೇಕು. ಒಂದು, ಅವನು ಬಂಡವಾಳದ ಜೊತೆ ಗುಡ್‌ವಿಲ್ ಹಣವನ್ನೂ ತರಬೇಕು, ಯಾಕಂದ್ರೆ ಅಂಗಡಿಯ ಹೆಸರನ್ನ ಕಟ್ಟಿದ್ದು ಬೇರೆಯವರು. ಎರಡು, ಹಳಬರು ತಮ್ಮ ಲಾಭದ ಪಾಲಿನಲ್ಲಿ ಸ್ವಲ್ಪ ಬಿಟ್ಟುಕೊಡಬೇಕು, ಅದಕ್ಕೆ ತ್ಯಾಗದ ಅನುಪಾತ ಅಂತಾರೆ. ಮೂರು, ಅಂಗಡಿಯ ಹಳೇ ಆಸ್ತಿ, ಹಳೇ ಸಾಲ ಎಲ್ಲವನ್ನೂ ಮತ್ತೆ ಬೆಲೆ ಕಟ್ಟಬೇಕು. ಅದು ಮರುಮೌಲ್ಯಮಾಪನ ಖಾತೆ.

ಈ ಮೂರನ್ನೂ ಕೈಯಲ್ಲಿ ಹಿಡ್ಕೊಂಡು ನಮ್ಮ ಕಡೆಗೆ ಬರೋಣ. ಯಾಕಂದ್ರೆ ಸೀಸನ್ ಲೆಕ್ಕದಲ್ಲಿ ಕಥೆ ಹೇಳೋದನ್ನ ನಮಗೆ ಅಮೆರಿಕದವರು ಕಲಿಸಿಲ್ಲ. ನಂಜನಗೂಡು, ತಿ. ನರಸೀಪುರ, ಮಳವಳ್ಳಿ, ಕೊಳ್ಳೇಗಾಲ ಸೀಮೆಯಲ್ಲಿ ನೀಲಗಾರರು ತಲೆಮಾರುಗಳಿಂದ ಆ ಕೆಲಸ ಮಾಡ್ಕೊಂಡು ಬಂದಿದ್ದಾರೆ. ಹೆಗಲಲ್ಲಿ ತಂಬೂರಿ, ಜೊತೆಗೆ ಡಕ್ಕೆ, ಗಗ್ಗರ, ತಾಳ. ಅವರು ಹಾಡೋದು ಮಂಟೇಸ್ವಾಮಿ ಕಾವ್ಯ. ಆ ಕಾವ್ಯದ ಭಾಗಗಳಿಗೆ ಅವರು ಕೊಡೋ ಹೆಸರು 'ಸಾಲು'. ಒಂದೊಂದು ಸಾಲೂ ಒಂದೊಂದು ಸೀಸನ್ ಇದ್ದ ಹಾಗೆ. ಪೂರ್ತಿ ಹಾಡೋಕೆ ಒಂದು ರಾತ್ರಿ ಸಾಲಲ್ಲ.

ಮೊದಲ ಸೀಸನ್ ಪೂರ್ತಿ ಮಂಟೇಸ್ವಾಮಿಯದ್ದು. ಬಸವಣ್ಣನವರ ಕಲ್ಯಾಣಕ್ಕೆ ಗಬ್ಬು ನಾರುವ ವೇಷದಲ್ಲಿ ಬರ್ತಾನೆ, ಶರಣರ ಭಕ್ತಿ ನಿಜವೋ ಬೂಟಾಟಿಕೆಯೋ ಅಂತ ಪರೀಕ್ಷೆ ಮಾಡ್ತಾನೆ. ಅಲ್ಲಿಂದ ದಕ್ಷಿಣಕ್ಕೆ ನಡೀತಾನೆ. ಕೇಳುಗರು ಅವನಿಗೆ ಹೆದರ್ತಾರೆ, ಕೈ ಮುಗೀತಾರೆ. ಆದ್ರೆ ಅವನು ಪರಂಜ್ಯೋತಿ, ಮೊದಲೇ ಪೂರ್ಣ ಆಗಿ ಬಂದವನು. ಅವನಿಗೆ ಕಲಿಯೋದು ಏನೂ ಬಾಕಿ ಇಲ್ಲ.

ಕಥೆ ಸುಮಾರು ದೂರ ಸಾಗಿದ ಮೇಲೆ ಒಬ್ಬ ಹುಡುಗ ಬರ್ತಾನೆ. ನಿಡಘಟ್ಟದ ಕಮ್ಮಾರರ ಮನೆ ಮಗ ಕೆಂಪಾಚಾರಿ. ನಿಡಘಟ್ಟ ಅಂದ್ರೆ ಬೆಂಗಳೂರು-ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ದಾಟಿ ಮದ್ದೂರಿಗೆ ಮುಂಚೆ ಸಿಗೋ ಅದೇ ಊರು. ಮಂಟೇಸ್ವಾಮಿ ಆ ಹುಡುಗನನ್ನ ಶಿಷ್ಯನಾಗಿ ಕೊಡಿ ಅಂತ ಕೇಳ್ತಾನೆ. ಹೆತ್ತವರು ಕೊಡಲ್ಲ. ಗುರು ಬಿಡಲ್ಲ. ಕಷ್ಟದ ಮೇಲೆ ಕಷ್ಟ ತಂದು ಕೊನೆಗೆ ಪಡ್ಕೊಂಡೇ ತೀರ್ತಾನೆ. ಕೆಂಪಾಚಾರಿ ಸಿದ್ದಪ್ಪಾಜಿ ಆಗ್ತಾನೆ.

ಆಮೇಲೆ ಬರೋದು ಹಲಗೂರಿನ ಪ್ರಸಂಗ. ಮಠ ಕಟ್ಟೋಕೆ ಕಬ್ಬಿಣ ಬೇಕು, ಹಲಗೂರಿನ ಪಾಂಚಾಳರ ಹತ್ತಿರ ಭಿಕ್ಷೆ ಬೇಡಿ ತಾ ಅಂತ ಗುರು ಕಳಿಸ್ತಾನೆ. ಇಲ್ಲಿ ಒಂದು ಕ್ಷಣ ನಿಂತು ಯೋಚನೆ ಮಾಡಿ. ಕಮ್ಮಾರರ ಮಗ, ಕಮ್ಮಾರರ ಬೀದಿಗೇ ಹೋಗಿ ಕಬ್ಬಿಣ ಬೇಡಬೇಕು. ಅವರು ಇಲ್ಲ ಅಂತಾರೆ, ಸುಳ್ಳು ಹೇಳ್ತಾರೆ, ನಾನಾ ಪರೀಕ್ಷೆ ಒಡ್ತಾರೆ. ಹಾಡುವವರಿಂದ ಹಾಡುವವರಿಗೆ ವಿವರ ಬದಲಾಗುತ್ತೆ. ಬದಲಾಗದೇ ಇರೋದು ಅವಮಾನ, ಮತ್ತು ಅದನ್ನ ದಾಟಿ ಗೆದ್ದು ಬರೋ ಸಿದ್ದಪ್ಪಾಜಿ.

ಇವತ್ತು ಲೆಕ್ಕ ಏನಾಗಿದೆ ನೋಡಿ. ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿರೋದು ಸಿದ್ದಪ್ಪಾಜಿ ಗದ್ದುಗೆ. ಬನದ ಹುಣ್ಣಿಮೆಗೆ ಶುರುವಾಗೋ ಐದು ದಿನದ ಜಾತ್ರೆಗೆ, ಚಂದ್ರಮಂಡಲದ ಬೆಳಕು ನೋಡೋಕೆ, ಈ ಸೀಮೆಯ ಒಕ್ಕಲು ಗಾಡಿ ಕಟ್ಟಿಕೊಂಡು ಹೋಗುತ್ತೆ. ಗುರುವಿನ ಗದ್ದುಗೆ ಬೊಪ್ಪೇಗೌಡನಪುರದಲ್ಲಿದೆ, ಅದಕ್ಕೂ ಭಕ್ತರಿದ್ದಾರೆ. ಆದ್ರೆ ಮಧ್ಯರಾತ್ರಿ ಹಾಡಿನಲ್ಲಿ ಕೂತವರ ಕಣ್ಣಲ್ಲಿ ನೀರು ಬರೋದು ತಡವಾಗಿ ಬಂದ ಹುಡುಗನ ಸಾಲಿಗೆ.

ಈಗ ನಮ್ಮ ಮೂರು ಖಾತೆ ತೆಗೀರಿ. ಗುಡ್‌ವಿಲ್: ಹಳಬರು ಮೊದಲ ದಿನದಿಂದ ಇದ್ದರು, ನಾವು ಅವರನ್ನ ಹಾಗೇ ಒಪ್ಪಿಕೊಂಡಿದ್ವಿ. ಹೊಸಬರು ಮಾತ್ರ ನಮ್ಮ ಕಣ್ಣೆದುರೇ ಬೆಲೆ ತೆತ್ತು ಜಾಗ ಸಂಪಾದಿಸಬೇಕು. ಸಿದ್ದಪ್ಪಾಜಿ ಹಲಗೂರಿನಲ್ಲಿ ತೆತ್ತ. ಸೆವೆನ್, ಮನುಷ್ಯಳಾಗಿ ಬದುಕೋದು ಹೇಗೆ ಅಂತ ಒಂದೊಂದೇ ಎಪಿಸೋಡಿನಲ್ಲಿ ಕಲಿತು ತೆತ್ತಳು. ಆ ರಸೀದಿ ನಮ್ಮ ಹತ್ತಿರ ಇದೆ, ಅದಕ್ಕೇ ಪ್ರೀತಿ.

ಮರುಮೌಲ್ಯಮಾಪನ: ಹೊಸಬರು ಬಂದಾಗ ಹಳಬರ ಬೆಲೆಯೂ ಬದಲಾಗುತ್ತೆ. ಸೆವೆನ್ ಆರು ವರ್ಷದ ಮಗುವಾಗಿದ್ದಾಗ ಬೋರ್ಗ್ ಅನ್ನೋ ಯಂತ್ರ-ಮನುಷ್ಯರ ಗುಂಪು ಅವಳನ್ನ ಹೊತ್ತೊಯ್ದಿತ್ತು. ಕ್ಯಾಪ್ಟನ್ ಜೇನ್‌ವೇ ಆ ಗುಂಪಿನಿಂದ ಬಿಡಿಸಿದಾಗ, ನನ್ನನ್ನ ವಾಪಸ್ ಕಳಿಸು ಅಂತ ಅವಳೇ ಹಟ ಹಿಡೀತಾಳೆ. ಕ್ಯಾಪ್ಟನ್ ಕಳಿಸಲ್ಲ. ಇದು ರಕ್ಷಣೆಯೋ ಬಲವಂತವೋ? ಅದುವರೆಗೆ ಬರೀ ಧೀರೆಯಾಗಿದ್ದ ಕ್ಯಾಪ್ಟನ್ ಮೇಲೆ ನಮಗೆ ಮೊದಲ ಸಲ ಸಂಶಯ ಬರುತ್ತೆ. ಮಂಟೇಸ್ವಾಮಿ ಮೇಲೂ ಅಷ್ಟೇ. ಮಗನನ್ನ ಕೊಡಲ್ಲ ಅಂದ ತಾಯಿ ಎದುರು ನಿಂತಾಗ ಗುರುವಿನ ಕರುಣೆ ಎಷ್ಟು ಕಠಿಣ ಅಂತ ಗೊತ್ತಾಗುತ್ತೆ.

ಇದು ಬರೀ ಕಥೆಯ ಮಾತೂ ಅಲ್ಲ. ಒಕ್ಕಲಿನ ಮನೆಗಳಲ್ಲಿ ಹರಕೆ ಹೊತ್ತು ಮಗನನ್ನ ನೀಲಗಾರನಾಗಿ ಬಿಡೋ ಸಂಪ್ರದಾಯ ಇದೆ. ಆ ಮನೆಯ ತಾಯಿ ನಿಡಘಟ್ಟದ ತಾಯಿಯ ಅಳು ಕೇಳೋ ರೀತಿಯೇ ಬೇರೆ. ಆ ಸಾಲನ್ನ ಹಾಡ್ತಿರೋ ನೀಲಗಾರನೂ ಒಂದಾನೊಂದು ದಿನ ಹಾಗೆ ಬಿಟ್ಟುಕೊಟ್ಟ ಮಗನೇ ಆಗಿರಬಹುದು.

ಉಳಿದಿದ್ದು ತ್ಯಾಗದ ಅನುಪಾತ. ಅದಕ್ಕೆ ನಂಜನಗೂಡಿಗೆ ಹೋಗಬೇಕು.

ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೀತಾರೆ: ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ. ದೇವಸ್ಥಾನದ ಲೆಕ್ಕದಲ್ಲಿ ಸಂಸಾರ ಪೂರ್ತಿ. ಆದ್ರೆ ಜನಪದದ ಲೆಕ್ಕ ಬೇರೆ. ಹಾಡುಗಳಲ್ಲಿ ನಂಜುಂಡನಿಗೆ ಬೆಟ್ಟದ ಚಾಮುಂಡಿ ಮೇಲೆ ಮನಸ್ಸು. ಮನೆಯಲ್ಲಿ ಹೆಂಡತಿ ಇರುವಾಗಲೇ ಚಾಮುಂಡಿ ಕಥೆಯೊಳಗೆ ಬರ್ತಾಳೆ. ಜಗಳ, ಮುನಿಸು, ಮಧ್ಯೆ ಸಿಕ್ಕಿ ಪೇಚಾಡೋ ದೇವರು. ಪಿ.ಕೆ. ರಾಜಶೇಖರ ಅವರು ಈ ಹಾಡುಗಳನ್ನ ಸಂಗ್ರಹಿಸಿ 'ಬೆಟ್ಟದ ಚಾಮುಂಡಿ' ಹೆಸರಲ್ಲಿ ಪ್ರಕಟಿಸಿದ್ದಾರೆ. ತೇರಿನ ಸಾಲಿನಲ್ಲಿ ಚಾಮುಂಡಿಗೆ ಜಾಗ ಇಲ್ಲ. ಹಾಡಿನಲ್ಲಿ ನಾಯಕಿಯೇ ಅವಳು.

ಇತಿಹಾಸದಲ್ಲೂ ಅವಳ ಹೆಸರು ಮೇಲೆ ಬಂದಿದ್ದು ತಡವಾಗಿ. ಈಗ ಚಾಮುಂಡಿ ಬೆಟ್ಟ ಅಂತೀವಲ್ಲ, ಅದರ ಹಳೇ ಹೆಸರು ಮಹಾಬಲಗಿರಿ. ಶಾಸನದಲ್ಲಿ ಮಾರ್ಬಳ ತೀರ್ಥ ಅಂತಿದೆ. ಬೆಟ್ಟದ ಮೇಲಿನ ಹಳೆಯ ಗುಡಿ ಮಹಾಬಲೇಶ್ವರನದ್ದು. ಒಡೆಯರು ಚಾಮುಂಡಿಯನ್ನ ಮನೆದೇವರಾಗಿ ಮಾಡ್ಕೊಂಡ ಮೇಲೆ ಕಥೆಯೇ ತಿರುಗಿತು. ದೊಡ್ಡದೇವರಾಜ ಒಡೆಯರ ಕಾಲದಲ್ಲಿ, ಅಂದ್ರೆ 1659ರಿಂದ 1673ರ ನಡುವೆ, ಬೆಟ್ಟಕ್ಕೆ ಸಾವಿರ ಮೆಟ್ಟಿಲು, ದೊಡ್ಡ ನಂದಿ. 1827ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ದೇವಿಗೆ ಗೋಪುರ. ಇವತ್ತು ಬೆಟ್ಟ ಹತ್ತಿದವರಲ್ಲಿ ಎಷ್ಟು ಜನ ಮಹಾಬಲೇಶ್ವರನ ಗುಡಿಗೂ ಹೋಗಿ ಬರ್ತಾರೆ? ಕೆಸ್ ಪಾತ್ರದ ಗತಿಯೇ ಇದು. ಹೊಸಬರನ್ನ ನಾವು ಪ್ರೀತಿಸುವಾಗ ಯಾರೋ ಒಬ್ಬರು ಸದ್ದಿಲ್ಲದೆ ಪಾಲು ಬಿಟ್ಟುಕೊಟ್ಟಿರ್ತಾರೆ. ಅವರ ಹೆಸರು ಲೆಡ್ಜರ್‌ನಲ್ಲಿ ಇರುತ್ತೆ, ನೋಡೋರು ಬೇಕು.

ಎಲ್ಲಾ ಸಲವೂ ಯಾರಾದ್ರೂ ಕಳ್ಕೊಳ್ಳಲೇಬೇಕು ಅಂತೇನೂ ಇಲ್ಲ. ತಿ. ನರಸೀಪುರದ ಕುಂಭಮೇಳ ನೋಡಿ. ಪ್ರಯಾಗ, ಹರಿದ್ವಾರ, ಉಜ್ಜಯಿನಿ, ನಾಸಿಕ್, ಈ ನಾಲ್ಕರ ಹೆಸರು ಹಳೆಯದು. ನಮ್ಮದು ಶುರುವಾಗಿದ್ದು 1989ರಲ್ಲಿ, ಮೂರು ವರ್ಷಕ್ಕೊಮ್ಮೆ ಅಂತ. ಕಾವೇರಿ, ಕಪಿಲೆ, ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಸೇರೋ ಜಾಗ. 2025ರ ಫೆಬ್ರವರಿಯಲ್ಲಿ ಪ್ರಯಾಗದ ದೊಡ್ಡ ಮೇಳ ನಡೀತಿದ್ದಾಗಲೇ ಇಲ್ಲೂ ಜನ ಮುಳುಗು ಹಾಕಿದ್ರು. ಅಲ್ಲಿ ಒಂದು ಹನಿ ನೀರೂ ಕಮ್ಮಿ ಆಗಲಿಲ್ಲ. ಅದೇ ಊರಿನ ಗುಂಜಾ ನರಸಿಂಹಸ್ವಾಮಿ ಬಗ್ಗೆ ಹಿರಿಯರ ಮಾತು ನೆನಪಿದೆಯಲ್ಲ? ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ. ಕಾಶಿಯನ್ನ ಚಿಕ್ಕದು ಮಾಡಿಲ್ಲ, ತನಗೆ ಒಂದು ಕಾಳು ಜಾಸ್ತಿ ಇಟ್ಕೊಂಡಿದೆ ಅಷ್ಟೇ. ಹೊಸ ಪಾಲುದಾರ ಬರೋದಾದ್ರೆ ಹೀಗೆ ಬರಬೇಕು.

ಕೊನೆಯದಾಗಿ, ಫೋನಿನ ವಿಷಯ. ಸಿದ್ದಪ್ಪಾಜಿ ಹಾಡುಗಳು ಈಗ ರೀಲ್ಸ್‌ನಲ್ಲಿ ಸಿಗ್ತಾವೆ. ಒಂದು ನಿಮಿಷ, ಒಳ್ಳೇ ಬೀಟ್, ನಾನೂ ಕೇಳ್ತೀನಿ. ಆದ್ರೆ ಆ ಒಂದು ನಿಮಿಷದಲ್ಲಿ ಸಿದ್ದಪ್ಪಾಜಿ ಮೊದಲ ಸೆಕೆಂಡಿಗೇ ಬಂದುಬಿಟ್ಟಿರ್ತಾನೆ. ಕಲ್ಯಾಣ ಇಲ್ಲ, ದಕ್ಷಿಣದ ನಡಿಗೆ ಇಲ್ಲ, ಕೊಡಲ್ಲ ಅಂದ ತಾಯಿ ಇಲ್ಲ. ತಡವಾಗಿ ಬರೋಕೆ ಅವನಿಗೆ ಜಾಗವೇ ಇಲ್ಲ. ಯಾರಾದ್ರೂ ತಡವಾಗಿ ಬಂದ್ರು ಅಂತ ಅನ್ನಿಸಬೇಕಾದ್ರೆ ನಾವು ಅದಕ್ಕೂ ಮುಂಚಿನಿಂದ ಅಲ್ಲಿ ಕೂತಿರಬೇಕು. ಸೆವೆನ್ ಮೇಲಿನ ಪ್ರೀತಿಗೆ ಮೂರು ಸೀಸನ್ ಕೂತವರ ತಾಳ್ಮೆ ಬಂಡವಾಳ. ಸಿದ್ದಪ್ಪಾಜಿ ಮೇಲಿನ ಪ್ರೀತಿಗೆ ನಿದ್ದೆಗೆಟ್ಟ ರಾತ್ರಿಗಳು ಬಂಡವಾಳ. ಕೇಳೋರು ಕೂರದೇ ಹೋದ್ರೆ ನೀಲಗಾರರು ಪೂರ್ತಿ ಸಾಲು ಯಾರಿಗೆ ಹಾಡಬೇಕು?

ಜನವರಿ ಹುಣ್ಣಿಮೆಗೆ ಚಿಕ್ಕಲ್ಲೂರಿನ ಕಡೆ ಹೋಗೋರಿದ್ರೆ, ಒಂದು ಕಂಬಳಿ ತಗೊಂಡು ಹೋಗಿ. ತಂಬೂರಿ ಎಲ್ಲಿ ಕೇಳಿಸುತ್ತೋ ಅಲ್ಲಿ ಕೂತ್ಕೊಳ್ಳಿ. ಹುಡುಗ ಬರೋಕೆ ಹೊತ್ತಾಗುತ್ತೆ, ಕಾಯಿರಿ.

ಮುಂದಿನ ವಾರ ಸಿಗೋಣ.