ಮೇಣದಬತ್ತಿ: ಬೆಳಕು ಮತ್ತು ಬೆಂಕಿ

ಪ್ರತಿ ವರ್ಷ ಫೆಬ್ರವರಿ 2ರಂದು, ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದಲ್ಲಿ, ಆಶೀರ್ವದಿಸಿದ ಮೇಣದಬತ್ತಿಯನ್ನು ನೀವು ಮನೆಗೆ ಒಯ್ಯುತ್ತೀರಿ. ಭಟ್ಕಳ, ಹೊನ್ನಾವರ, ಕುಮಟೆಯ ನಮ್ಮ ಮನೆಗಳಲ್ಲಿ ಅದು ಗುಡುಗು ಸಿಡಿಲಿನ ರಾತ್ರಿಗಾಗಿ ಪೀಠದ ಮೇಲೆ ಕಾದಿರುತ್ತದೆ.

ಈ ಕರಾವಳಿಯ ಚರಿತ್ರೆಗೆ ಬೆಂಕಿ ಅಪರಿಚಿತವಲ್ಲ. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಫ್ರಾನ್ಸಿಸ್ಕೋ ದ ಅಲ್ಮೇಡ ಹೊನ್ನಾವರದ ಬಂದರಿನಲ್ಲಿದ್ದ ಹಡಗುಗಳನ್ನು ಸುಡಿಸಿದನು. ಆದರೆ ದಂಡೆತ್ತಿ ಬಂದವರು ಹಚ್ಚಿದ ಬೆಂಕಿಯನ್ನು ಬರೆದಿಡುವ ಚರಿತ್ರೆ, ಮಡಲಿನ ಮಾಡಿಗೆ ಮನೆಯದೇ ದೀಪದಿಂದ ತಗುಲಿದ ಕಿಡಿಯನ್ನು ಬರೆದಿಡುವುದಿಲ್ಲ.

ಬರೆದಿಟ್ಟ ಒಂದು ದುರಂತವನ್ನು ಹೇಳುತ್ತೇನೆ. 1863ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಚಿಲಿ ದೇಶದ ಸಾಂಟಿಯಾಗೊ ನಗರದ ಯೇಸುಸಭೆಯ ದೇವಾಲಯ ಸಂಜೆಯ ಪ್ರಾರ್ಥನೆಗೆ ಕಿಕ್ಕಿರಿದಿತ್ತು. ಬಂದವರಲ್ಲಿ ಹೆಚ್ಚಿನವರು ಸ್ತ್ರೀಯರು. ದೀಪವೊಂದರ ಜ್ವಾಲೆ ಅಲಂಕಾರದ ಬಟ್ಟೆಗೆ ತಗುಲಿತು. ಬಾಗಿಲ ಬಳಿ ಜನ ಒಬ್ಬರ ಮೇಲೊಬ್ಬರು ಬಿದ್ದು ದಾರಿಯೇ ಕಟ್ಟಿಹೋಯಿತು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ಹನ್ನೆರಡು ದಿನಗಳಲ್ಲಿ ಆ ನಗರದವರು ಸ್ವಯಂಸೇವಕರ ಅಗ್ನಿಶಾಮಕ ದಳವನ್ನು ಕಟ್ಟಿದರು. ಭಕ್ತಿ ಅಲ್ಲಿ ಕಡಿಮೆಯಿರಲಿಲ್ಲ. ಬಟ್ಟೆ ಮಾತ್ರ ದೀಪಕ್ಕೆ ಹತ್ತಿರವಿತ್ತು.

ಹಿಂದೆ ದೇವಾಲಯಗಳಲ್ಲಿ ಉರಿಯುತ್ತಿದ್ದುದು ಜೇನುಮೇಣ. ಅದು ದುಬಾರಿಯಾದುದರಿಂದ ಜನ ಎಚ್ಚರಿಕೆಯಿಂದ ಬಳಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪ್ಯಾರಾಫಿನ್ ಮೇಣ ಬಂದ ಮೇಲೆ ಬತ್ತಿ ಅಗ್ಗವಾಯಿತು, ಅಸಡ್ಡೆಯೂ ಬೆಳೆಯಿತೆಂದು ನನ್ನ ಅನಿಸಿಕೆ. ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಮಕ್ಕಳಿಗೆ ತೋರಿಸಿಕೊಟ್ಟಂತೆ, ಉರಿಯುವುದು ಗಟ್ಟಿ ಮೇಣವಲ್ಲ, ಕರಗಿ ಬತ್ತಿಯೇರಿದ ಮೇಣದ ಆವಿ. ಹೊತ್ತಿಕೊಂಡ ಮೇಣಕ್ಕೆ ನೀರು ಸುರಿದರೆ ಅದು ಸಿಡಿದು ಉರಿ ಹರಡುತ್ತದೆ. ತಟ್ಟೆಯನ್ನೋ ಪಾತ್ರೆಯ ಮುಚ್ಚಳವನ್ನೋ ಮುಚ್ಚಿ ಗಾಳಿ ತಡೆಯಬೇಕು.

ಇಂದು ನಮ್ಮ ಪೀಠಗಳ ಸುತ್ತ ಪ್ಲಾಸ್ಟಿಕ್ ಹೂಮಾಲೆ, ನೈಲಾನ್ ಪರದೆ. ಕಿಟಕಿ ತೆರೆದರೆ ಕಡಲ ಗಾಳಿ. ವಿದ್ಯುತ್ ಹೋದ ರಾತ್ರಿ ಸೊಳ್ಳೆಪರದೆಯ ಪಕ್ಕದಲ್ಲೇ ಬತ್ತಿ ಹಚ್ಚಿಟ್ಟು ನಿದ್ದೆಹೋಗುವವರಿದ್ದಾರೆ. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಮೇಲೆ ಬತ್ತಿ ನಿಲ್ಲಿಸಿದ್ದನ್ನು ಮನೆ ಆಶೀರ್ವಾದಕ್ಕೆ ಹೋದಾಗ ನಾನೇ ಕಂಡಿದ್ದೇನೆ. ಪ್ರಾರ್ಥನೆ ಆರಂಭಿಸುವ ಮುನ್ನ ಅದನ್ನು ತೆಗೆಸಿದೆ.

ನನ್ನ ತಾಯಿಯವರು ಅಗಲವಾದ ಕಂಚಿನ ಬಟ್ಟಲಿನಲ್ಲಿ ಮರಳು ತುಂಬಿ, ನಡುವೆ ಬತ್ತಿಯನ್ನು ನೆಡುತ್ತಿದ್ದರು. ಜಪಸರ ಮುಗಿದೊಡನೆ ನಂದಿಸಿ, ಹೊಗೆ ನಿಂತಿತೆಂದು ನೋಡಿದ ಮೇಲೆಯೇ ನಮಗೆ ಊಟ ಬಡಿಸುತ್ತಿದ್ದರು.